ಹಳೇ ಕಾರಿನ ಡಿಕ್ಕಿಗೆ ಹೊಸ ರಬ್ಬರ್: ಎಳೀಬೇಡಿ, ತಳ್ಳಿ

ಹೋದ ವರ್ಷ ಪುನರ್ವಸು ಮಳೆ ಹಿಡಿದ ಮೂರನೇ ದಿನ ಹೊಸನಗರದಿಂದ ಹೊರಟೆ. ಆಯನೂರು ದಾಟಿ ಶಿವಮೊಗ್ಗ ಸೇರುವಷ್ಟರಲ್ಲಿ ಡಿಕ್ಕಿಯೊಳಗೆ ಎರಡು ಚೊಂಬು ನೀರು ನಿಂತಿತ್ತು. ಆ ನೀರಿನಲ್ಲಿ ಅತ್ತೆ ಕೊಟ್ಟು ಕಳಿಸಿದ್ದ ಹಲಸಿನ ಹಪ್ಪಳದ ಕಟ್ಟು. ಏಪ್ರಿಲ್ ಬಿಸಿಲಿನಲ್ಲಿ ಕಾಗೆ ಓಡಿಸುತ್ತಾ ಕೂತು ಒಣಗಿಸಿದ ಹಪ್ಪಳ ಮತ್ತೆ ಹಿಟ್ಟಾಗಿತ್ತು. ಮನೆಯಲ್ಲಿ ಆಮೇಲೆ ಏನು ನಡೆಯಿತು ಅಂತ ಬರೆಯುವುದಿಲ್ಲ, ಊಹಿಸಿಕೊಳ್ಳಿ.

ಕಾರು 1967ರ ಎಂಜಿಬಿ. ಎರಡೇ ಸೀಟು, ಮೇಲೆ ಬಟ್ಟೆಯ ಹುಡ್. ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಈ ಕಾರು 5 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ, ಅದರಿಂದ ಸಾಮಾನು ಇವತ್ತಿಗೂ ಸಿಗುತ್ತದೆ. ಆದರೆ ಸಿಗುವುದೆಲ್ಲ ರಿಪ್ರೊಡಕ್ಷನ್. ಹಳೆಯದರ ಅಳತೆ ನೋಡಿಕೊಂಡು ಈಗಿನವರು ಈಗಿನ ರಬ್ಬರಿನಲ್ಲಿ ಮಾಡಿದ ಮಾಲು. ನೋಡಲು ಅದೇ, ಹಾಕಲು ಹೋದರೆ ಬೇರೆಯೇ.

ನಾನು ಈ ಡಿಕ್ಕಿ ರಬ್ಬರನ್ನು, ಅಂದರೆ ನೀರು ಒಳಗೆ ಬರದ ಹಾಗೆ ಡಿಕ್ಕಿ ಬಾಯಿಯ ಸುತ್ತ ಕೂರುವ ಪಟ್ಟಿಯನ್ನು, ಒಟ್ಟು ಮೂರು ಸಲ ಹಾಕಿದ್ದೇನೆ. ಮೊದಲ ಸಲ ಅಂಟು ಕೈಕೊಟ್ಟಿತು, ಎರಡನೇ ಸಲ ನನ್ನ ಕೈಯೇ ಕೈಕೊಟ್ಟಿತು, ಮೂರನೇ ಸಲ ನಿಂತಿತು. ನೀವು ಒಂದೇ ಸಲಕ್ಕೆ ಮುಗಿಸಿ ಅಂತ ಇದನ್ನು ಬರೆಯುತ್ತಿದ್ದೇನೆ. ಎಂಜಿಬಿ ಅಂತಲೇ ಅಲ್ಲ, ಸ್ಪಿಟ್‌ಫೈರ್ ಇರಲಿ, ಹೆರಾಲ್ಡ್ ಇರಲಿ, ಅಜ್ಜನ ಕಾಲದ ಪದ್ಮಿನಿ ಇರಲಿ, ಕೆಲಸದ ದಾರಿ ಹೆಚ್ಚು ಕಡಿಮೆ ಒಂದೇ.

ರಬ್ಬರ್ ತರಿಸುವ ಮುಂಚೆ

ನೀರು ಬಂತು ಅಂದ ಕೂಡಲೇ ರಬ್ಬರನ್ನು ಬೈಯಬೇಡಿ. ಹಿಂದಿನ ಲೈಟಿನ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿರಬಹುದು. ಮುಚ್ಚಳದ ಮೇಲಿನ ಬ್ಯಾಡ್ಜ್ ಕೂರಿಸಿದ ತೂತು, ಹಿಂಜ್ ಬೋಲ್ಟ್, ಹುಡ್ ಕಟ್ಟುವ ಗುಂಡಿಗಳ ಸ್ಕ್ರೂ, ಯಾರೋ ಯಾವ ಕಾಲದಲ್ಲೋ ಏರಿಯಲ್‌ಗೆ ಅಂತ ಕೊರೆದು ಬಿಟ್ಟ ತೂತು, ಡಿಕ್ಕಿ ನೆಲದ ರಬ್ಬರ್ ಬಿರಡೆ, ಇವೆಲ್ಲ ಸೋರುವ ಜಾಗಗಳೇ. ಡಿಕ್ಕಿ ಖಾಲಿ ಮಾಡಿ, ಕಾರ್ಪೆಟ್ ತೆಗೆದು, ನೆಲಕ್ಕೆ ಮತ್ತು ಗೋಡೆಗೆಲ್ಲ ಹಳೇ ಪೇಪರ್ ಹಾಸಿ ಮುಚ್ಚಿ. ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಮೊದಲು ಕೆಳಗೆ ಬಂಪರ್ ಹತ್ತಿರ ಐದು ನಿಮಿಷ, ಆಮೇಲೆ ಲೈಟಿನ ಮಟ್ಟಕ್ಕೆ, ಕೊನೆಗೆ ಮೇಲೆ. ಪ್ರತಿ ಸಲ ತೆಗೆದು ಪೇಪರ್ ನೋಡಿ. ಒಂದೇ ಸಲ ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆ ಆಗುತ್ತದೆ, ಏನೂ ಗೊತ್ತಾಗುವುದಿಲ್ಲ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಬೇಡವೇ ಬೇಡ, ಅದು ಹೊಸ ಕಾರಿನೊಳಕ್ಕೂ ನೀರು ನುಗ್ಗಿಸುತ್ತದೆ.

ರಾತ್ರಿ ಇನ್ನೊಂದು ಪರೀಕ್ಷೆ ಇದೆ. ಕರೆಂಟ್ ಹೋದಾಗ, ನಮ್ಮಲ್ಲಿ ಮಳೆಗಾಲದಲ್ಲಿ ಅದಕ್ಕೇನು ಬರ, ಡಿಕ್ಕಿಯೊಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಿ. ಹೊರಗೆ ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಸಂದು ಇದೆ. ನನ್ನ ಕಾರಿನಲ್ಲಿ ಎಡಗಡೆ ಮೂಲೆಯಲ್ಲಿ ಒಂದು ಗೇಣು ಉದ್ದದ ಗೆರೆ ದೀಪಾವಳಿ ಸರದ ಹಾಗೆ ಹೊಳೆಯುತ್ತಿತ್ತು.

ನೀರು ಬರದಿದ್ದರೂ ಡಿಕ್ಕಿ ರಬ್ಬರ್ ಸರಿ ಇರಲೇಬೇಕು ಅನ್ನಲು ಇನ್ನೊಂದು ಕಾರಣ ಇದೆ. ಕಾರು ಓಡುವಾಗ ಹಿಂದುಗಡೆ ಗಾಳಿ ಸುಳಿ ಸುತ್ತುತ್ತದೆ, ಸೈಲೆನ್ಸರ್ ಹೊಗೆ ಆ ಸುಳಿಯಲ್ಲಿ ಸಿಕ್ಕಿ ಡಿಕ್ಕಿಯ ಸಂದಿನಿಂದ ಒಳಗೆ ಬರುತ್ತದೆ. ಹುಡ್ ಹಾಕಿಕೊಂಡು, ಗ್ಲಾಸ್ ಸ್ವಲ್ಪವೇ ಇಳಿಸಿಕೊಂಡು ಹೋಗುವಾಗ ತಲೆ ಭಾರ ಆಗುತ್ತಿದ್ದರೆ ಅದು ಘಾಟಿ ರಸ್ತೆಯ ತಿರುವಿನಿಂದ ಮಾತ್ರ ಅಂದುಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ರಬ್ಬರಿನಲ್ಲಿ ಎರಡು ಬಗೆ. ಒಂದು, ಒಳಗೆ ಉಕ್ಕಿನ ಹಲ್ಲು ಇರುವ, ಅಂಚಿನ ತಗಡಿನ ಮೇಲೆ ಕಚ್ಚಿ ಕೂರುವ ಬಗೆ. ಇನ್ನೊಂದು, ಅಂಟು ಹಚ್ಚಿ ಕಾಲುವೆಯಲ್ಲಿ ಕೂರಿಸುವ ಬಗೆ. ಕಾಲುವೆ ಅಂದರೆ ಡಿಕ್ಕಿ ಬಾಯಿಯ ಸುತ್ತ ಇರುವ ತಗ್ಗು, ಹೆಂಚಿನ ಮನೆಯ ಸೂರಿಗೆ ಕಟ್ಟುವ ಅಡಿಕೆ ದಂಬೆ ಇದೆಯಲ್ಲ, ಅದೇ ಆಕಾರ, ಅದೇ ಕೆಲಸ. ನಿಮ್ಮದು ಯಾವುದು ಅಂತ ಹಳೇ ರಬ್ಬರ್ ನೋಡಿಯೇ ತೀರ್ಮಾನಿಸಿ, ಮುಂಚಿನ ಮಾಲೀಕರು ಕೈಗೆ ಸಿಕ್ಕಿದ್ದನ್ನು ಹಾಕಿರುವುದೂ ಉಂಟು, ಅದರ ಕಡೆಗೂ ಒಂದು ಕಣ್ಣಿರಲಿ. ನನ್ನ ಕೈಗೆ ಬಂದದ್ದು ಅಂಟಿಸುವ ಬಗೆ, ಆದ್ದರಿಂದ ಇಲ್ಲಿ ಅದರ ಮಾತೇ ಜಾಸ್ತಿ.

ಕಚ್ಚುವ ಬಗೆಯವರಿಗೆ ಇಷ್ಟು ಸಾಕು. ಅಂಚಿನ ತಗಡು ಡೊಂಕಾಗಿದ್ದರೆ ಇಕ್ಕಳದ ಬಾಯಿಗೆ ಟೇಪ್ ಸುತ್ತಿಕೊಂಡು ನೇರ ಮಾಡಿ. ಟಿಂಕರಿಂಗ್ ಆಗಿ ನಾಲ್ಕು ಕೋಟ್ ಪೇಂಟ್ ಕೂತಿದ್ದರೆ ತಗಡು ದಪ್ಪವಾಗಿ ರಬ್ಬರ್ ಪೂರ್ತಿ ಇಳಿಯುವುದಿಲ್ಲ, ಅಲ್ಲಿ ಸ್ವಲ್ಪ ಉಜ್ಜಬೇಕು. ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಕೂರಿಸಿ. ಸಡಿಲ ಇದ್ದರೆ ಆ ಜಾಗದಲ್ಲಿ ಮಾತ್ರ ಹಲ್ಲನ್ನು ಹಗುರಾಗಿ ಒತ್ತಿ ಬಿಗಿ ಮಾಡಿ. ಅಂಟು ಬೇಕಾಗಿಲ್ಲ.

ಚಪಾತಿ ಹಿಟ್ಟಿನ ಅಳತೆ

ಇದನ್ನು ಮಾಡದೇ ರಬ್ಬರ್ ಕೊಳ್ಳಬೇಡಿ. ಹಳೇ ರಬ್ಬರ್ ಪೂರ್ತಿ ತೆಗೆದ ಮೇಲೆ ಮುಚ್ಚಳವನ್ನು ಬರೀ ತಗಡಿನ ಮೇಲೆ ಮುಚ್ಚಿ ನೋಡಿ. ರಬ್ಬರ್ ಇಲ್ಲದೆಯೇ ಮುಚ್ಚಳ ಒಂದು ಕಡೆ ಎದ್ದು ಇನ್ನೊಂದು ಕಡೆ ಕುಸಿದಿದ್ದರೆ, ಹೊಸ ರಬ್ಬರ್ ಅದನ್ನು ಸರಿ ಮಾಡುವುದಿಲ್ಲ, ಇನ್ನಷ್ಟು ಹಾಳು ಮಾಡುತ್ತದೆ. ಮೊದಲು ಹಿಂಜ್ ಬೋಲ್ಟ್ ಸಡಿಲಿಸಿ ಮುಚ್ಚಳವನ್ನು ಸುತ್ತಲೂ ಸಮ ಮಾಡಿಕೊಳ್ಳಿ.

ಆಮೇಲೆ ಅಡುಗೆ ಮನೆಯಿಂದ ಒಂದು ಮುಷ್ಟಿ ಚಪಾತಿ ಹಿಟ್ಟು ತನ್ನಿ. ಗಟ್ಟಿಯಾಗಿ ಕಲಸಿದ್ದು ಬೇಕು. ನಿಂಬೆಹಣ್ಣಿನಷ್ಟು ಉಂಡೆ ಮಾಡಿ ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ರಬ್ಬರ್ ಕೂರುವ ಜಾಗದಲ್ಲಿ ಎಂಟು ಕಡೆ ಇಡಿ: ನಾಲ್ಕು ಮೂಲೆ, ನಾಲ್ಕು ನಡುಭಾಗ. ಮುಚ್ಚಳವನ್ನು ಬೀಗ ಬೀಳುವ ಮಟ್ಟಕ್ಕೆ ಒತ್ತಿ, ಮತ್ತೆ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮ್ಮ ಸಂದಿನ ಅಳತೆ. ಹಲ್ಲುಕಡ್ಡಿ ಚುಚ್ಚಿ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ನನಗೆ ಹಿಂಜ್ ಕಡೆ 8 ಮಿ.ಮೀ., ಬೀಗದ ಕಡೆ 11 ಬಂತು. ಎಲ್ಲ ಕಡೆ ಒಂದೇ ಬರುತ್ತದೆ ಅಂತ ಕಾಯಬೇಡಿ, ಹಳೇ ಕಾರಿಗೆ ಅದು ಬರುವುದಿಲ್ಲ.

ಸ್ಪಾಂಜ್ ರಬ್ಬರ್ ಮುಚ್ಚಿದಾಗ ತನ್ನ ಎತ್ತರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಅಮುಕಿಕೊಂಡರೆ ಸರಿ. 9 ಮಿ.ಮೀ. ಸಂದಿಗೆ 12-13 ಮಿ.ಮೀ. ಎತ್ತರದ್ದು ಸಾಕು. ಅದಕ್ಕಿಂತ ಕಡಿಮೆ ಅಮುಕಿದರೆ ನೀರು ಬರುತ್ತದೆ, ಜಾಸ್ತಿ ಆದರೆ ಮುಚ್ಚಳ ಬೀಳುವುದಿಲ್ಲ. ರಿಪ್ರೊಡಕ್ಷನ್ ರಬ್ಬರಿನ ದೊಡ್ಡ ತೊಂದರೆ ಇದೇ. ಅಳತೆ ಸರಿ ಇದ್ದರೂ ಹಳೆಯದಕ್ಕಿಂತ ಗಟ್ಟಿ ಇರುತ್ತದೆ. ಬೆರಳಿನಲ್ಲಿ ಒತ್ತಿ ನೋಡಿ, ಇಡ್ಲಿ ಒತ್ತಿದ ಹಾಗೆ ಸುಲಭಕ್ಕೆ ತಗ್ಗಿ ಮತ್ತೆ ಏಳಬೇಕು. ಚಪ್ಪಲಿ ಅಟ್ಟೆ ಒತ್ತಿದ ಹಾಗಿದ್ದರೆ ವಾಪಸ್ ಕೊಡುವ ಯೋಚನೆ ಮಾಡಿ. ಸ್ಪಾಂಜ್ ಆದರೆ ಒಂದು ಚೂರು ಕತ್ತರಿಸಿ ನೀರಿನಲ್ಲಿ ಮುಳುಗಿಸಿ ಹಿಂಡಿ. ಹಿಂಡಿದಾಗ ನೀರು ಕಾರಿದರೆ ಅದು ನೀರು ಕುಡಿಯುವ ಸ್ಪಾಂಜ್, ಮಲೆನಾಡಿಗೆ ಆಗುವುದಿಲ್ಲ.

ಸಾಧ್ಯ ಆದರೆ ಇಪಿಡಿಎಂ ಅನ್ನುವ ಸಿಂಥೆಟಿಕ್ ರಬ್ಬರ್ ಕೇಳಿ. ಬಿಸಿಲು ಮಳೆ ಎರಡನ್ನೂ ತಡೆಯುತ್ತದೆ. ಅದಕ್ಕೆ ಆಗದೇ ಇರುವುದು ಪೆಟ್ರೋಲ್ ಮತ್ತು ಎಣ್ಣೆ, ಅದು ನೆನಪಿರಲಿ, ಮುಂದೆ ಬರುತ್ತದೆ. ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಬೀಡಿಂಗ್ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಬಹುದು, ಹಿಟ್ಟಿನ ಅಳತೆಗೆ ಹೊಂದಿದರೆ. ಸುಮ್ನೆ ಕಣ್ಣಳತೆಯಲ್ಲಿ ತಂದರೆ ಅದು ಬಸ್ಸಿನ ಬಾಗಿಲಿನ ರಬ್ಬರ್ ಆಗಿರುತ್ತದೆ.

ಹಳೆಯದನ್ನು ತೆಗೆಯುವುದು

ಶುರು ಮಾಡುವ ಮುಂಚೆ ಬ್ಯಾಟರಿ ತಂತಿ ಬಿಚ್ಚಿ. ಎಂಜಿಬಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಸರಿಯಾಗಿ ಡಿಕ್ಕಿ ನೆಲದ ಕೆಳಗೆ. ಅಂಟಿನ ಹೊಗೆ, ಟರ್ಪಂಟೈನ್, ಕೆಳಗೆ ಪೆಟ್ರೋಲ್. ಬೀಡಿ ಸೇದುತ್ತಾ ನೋಡಲು ಬರುವ ಪಕ್ಕದ ಮನೆಯವರನ್ನು ದೂರ ಕೂರಿಸಿ ಕಾಫಿ ಕೊಡಿ. ಡಿಕ್ಕಿ ನೆಲಕ್ಕೆ ಉದ್ದ ಸ್ಕ್ರೂ ಹೊಡೆಯುವ ಆಸೆಯಂತೂ ಬೇಡ.

ಹಳೇ ರಬ್ಬರ್ ಕೈಯಲ್ಲಿ ಎಳೆದರೆ ಅರ್ಧ ಬರುತ್ತದೆ, ಉಳಿದರ್ಧ ಟಾರಿನ ಹಾಗೆ ಅಂಟಿ ಕೂತಿರುತ್ತದೆ. ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ಪೇಂಟ್ ಹೋಗುತ್ತದೆ, ಹೋದ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ. ನಾನು ಅಡಿಕೆ ದಬ್ಬೆಯ ಒಂದು ಸೀಳನ್ನು ಉಳಿಯ ಹಾಗೆ ಚೂಪು ಮಾಡಿಕೊಂಡೆ. ಗಟ್ಟಿ ಇರುತ್ತದೆ, ಪೇಂಟಿಗೆ ಗೀರು ಹಾಕುವುದಿಲ್ಲ, ಮೊಂಡಾದರೆ ಕತ್ತಿಯಲ್ಲಿ ಇನ್ನೊಂದು ಸಲ ಕೆತ್ತಿದರೆ ಆಯಿತು. ಅಂಟಿನ ಮೇಲೆ ಟರ್ಪಂಟೈನ್ ಒದ್ದೆ ಮಾಡಿದ ಬಟ್ಟೆ ಹತ್ತು ನಿಮಿಷ ಹಾಕಿಟ್ಟು ಆಮೇಲೆ ಕೆರೆಯಿರಿ. ಥಿನ್ನರ್ ಮುಟ್ಟಬೇಡಿ. ಹಳೇ ಕಾರುಗಳ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಥಿನ್ನರಿಗೆ ಕರಗಿ ಕೈಗೆ ಬರುತ್ತದೆ. ಕೊನೆಗೆ ಸೋಪಿನ ನೀರಿನಲ್ಲಿ ತೊಳೆದು, ಜಿಡ್ಡು ಉಳಿಯದ ಹಾಗೆ ಸ್ಪಿರಿಟ್‌ನಲ್ಲಿ ಒರೆಸಿ.

ತುಕ್ಕು ಕಂಡೇ ಕಾಣುತ್ತದೆ. ನನಗೆ ಎಡ ಮೂಲೆಯಲ್ಲಿ, ಆ ಬೆಳಕಿನ ಗೆರೆ ಕಂಡ ಜಾಗದಲ್ಲೇ, ಕಾಲುವೆಯ ತಳ ಕಾಫಿ ಗಷ್ಟಿನ ಹಾಗೆ ಪುಡಿಪುಡಿ ಆಗಿತ್ತು. ತಂತಿ ಬ್ರಷ್ ಹಾಕಿ ಬಿಳಿ ತಗಡು ಕಾಣುವವರೆಗೆ ಉಜ್ಜಿ, ತುಕ್ಕು ತಡೆಯುವ ಫಾಸ್ಫೊರಿಕ್ ಆಸಿಡ್ ದ್ರಾವಣ ಹಚ್ಚಿ, ತೊಳೆದು ಒಣಗಿಸಿ, ಪ್ರೈಮರ್ ಕೊಟ್ಟು ಮೇಲೆ ಪೇಂಟ್ ಕೊಡಿ. ಬರೀ ಪ್ರೈಮರ್ ಮೇಲೆ ರಬ್ಬರ್ ಅಂಟಿಸುವವರಿದ್ದಾರೆ. ಪ್ರೈಮರ್ ನೀರು ಹೀರುತ್ತದೆ, ಒಳಗೊಳಗೇ ಮತ್ತೆ ತುಕ್ಕು ಹಿಡಿಯುತ್ತದೆ. ಪೇಂಟ್ ಆದ ಮೇಲೆ ಒಂದು ವಾರ ಬಿಡಿ. ಹಸಿ ಪೇಂಟಿನ ಮೇಲೆ ಅಂಟು ಹಚ್ಚಿದರೆ ಅಂಟಿನ ಜೊತೆ ಪೇಂಟೂ ಏಳುತ್ತದೆ.

ಒಣ ಕೂರಿಸುವಿಕೆ, ನಾನು ಜಾರಿದ ಜಾಗ

ಹೊಸ ರಬ್ಬರ್ ಪೋಸ್ಟಿನಲ್ಲಿ ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಬರುತ್ತದೆ. ಅದೇ ಆಕಾರದಲ್ಲಿ ಕೂರಿಸಲು ಹೋದರೆ ಒಂದು ಕಡೆ ಒತ್ತುವಾಗ ಇನ್ನೊಂದು ಕಡೆ ಏಳುತ್ತದೆ. ಬಿಸಿಲಿದ್ದರೆ ಒಂದು ದಿನ ಅಂಗಳದಲ್ಲಿ ಉದ್ದಕ್ಕೆ ಹಾಸಿಡಿ. ಬಿಸಿಲಿಲ್ಲದ ಕಾಲವಾದರೆ ಬಚ್ಚಲ ಹಂಡೆಯ ಬಿಸಿನೀರು ಬಕೆಟ್ಟಿಗೆ ತೋಡಿಕೊಂಡು, ಕೈ ತಾಳುವಷ್ಟು ಬಿಸಿ ಸಾಕು, ಅದರಲ್ಲಿ ಕಾಲು ಗಂಟೆ ಮುಳುಗಿಸಿ ತೆಗೆದರೆ ಬೆಂದ ಶ್ಯಾವಿಗೆಯ ಹಾಗೆ ಬಳುಕುತ್ತದೆ. ಹಾಗೇ ನೇರಕ್ಕೆ ಹಾಸಿ ಆರಲು ಬಿಡಿ. ಆ ನೀರಿಗೇ ಸ್ವಲ್ಪ ಸೋಪು ಹಾಕಿದರೆ ಕಾರ್ಖಾನೆಯ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದಾರ್ಥವೂ ಹೋಗುತ್ತದೆ. ಅದು ಇದ್ದರೆ ಯಾವ ಅಂಟೂ ಹಿಡಿಯುವುದಿಲ್ಲ. ಒರೆಸಲು ಪೆಟ್ರೋಲ್ ಬಳಸಬೇಡಿ, ಇಪಿಡಿಎಂ ಉಬ್ಬಿಕೊಳ್ಳುತ್ತದೆ ಅಂದೆನಲ್ಲ.

ಈಗ ಅಂಟು ಇಲ್ಲದೆ, ಬರೀ ಮಾಸ್ಕಿಂಗ್ ಟೇಪಿನಲ್ಲಿ ಸುತ್ತಲೂ ಕೂರಿಸಿ. ಶುರುವನ್ನು ಬೀಗದ ಪಕ್ಕ ಮಾಡಿ, ಮೂಲೆಯಲ್ಲಿ ಮಾತ್ರ ಬೇಡ. ಜೋಡಣೆ ಮೂಲೆಯಲ್ಲಿ ಬಂದರೆ ಅಲ್ಲಿ ಬಾಯಿ ಬಿಟ್ಟೇ ಬಿಡುತ್ತದೆ. ಬೀಗದ ಹತ್ತಿರ ಮುಚ್ಚಳದ ಒತ್ತಡ ಗಟ್ಟಿ ಇರುತ್ತದೆ, ಜೋಡಣೆ ಅಮುಕಿಕೊಂಡು ಕೂರುತ್ತದೆ.

ಕೂರಿಸುವಾಗ ಎಳೆಯಬೇಡಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಎರಡನೇ ಸಲ ನಾನು ಮಾಡಿದ್ದು ಇದನ್ನೇ. ರಬ್ಬರ್ ಒಂದು ಬೆರಳಿನಷ್ಟು ಗಿಡ್ಡ ಅನಿಸಿತು, ಸ್ವಲ್ಪ ಎಳೆದೆ, ಚೆನ್ನಾಗಿ ಬಿಗಿಯಾಗಿ ಕೂತಿತು, ಆ ದಿನ ನೋಡಲು ಕಂಪನಿ ಫಿಟಿಂಗ್ ಹಾಗೇ ಇತ್ತು. ಎಳೆದ ರಬ್ಬರ್ ತನ್ನ ಉದ್ದಕ್ಕೆ ಮರಳದೆ ಬಿಡುವುದಿಲ್ಲ. ಎರಡು ವಾರದಲ್ಲಿ ಜೋಡಣೆ ಬಾಯಿ ಬಿಟ್ಟಿತು, ನಾಲ್ಕು ಮೂಲೆಯಲ್ಲೂ ರಬ್ಬರ್ ಒಳಗಿನ ದಾರಿ ಹಿಡಿದು ಕಾಲುವೆಯಿಂದ ಎದ್ದು ನಿಂತಿತು. ರಸ್ತೆ ತಿರುವಿನಲ್ಲಿ ಸೈಕಲ್ ಸವಾರ ಒಳಗಡೆಯಿಂದ ನುಗ್ಗುತ್ತಾನಲ್ಲ, ಹಾಗೆ.

ಆದ್ದರಿಂದ ತಳ್ಳಿ. ಒಂದು ಗೇಣು ಕೂರಿಸಿದ ಮೇಲೆ ಕೈಯಲ್ಲಿರುವ ರಬ್ಬರನ್ನು ಕೂತಿರುವ ಕಡೆಗೆ ಒಂದು ಕೂದಲೆಳೆ ತಳ್ಳಿ, ಆಮೇಲೆ ಮುಂದಿನ ಗೇಣು. ಮೂಲೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ತುಂಬಿ, ಹೊರ ಅಂಚು ಸುತ್ತಲು ರಬ್ಬರ್ ಬೇಕಾಗುತ್ತದೆ. ಆದರೆ ಒಳಬದಿ ನೆರಿಗೆ ಬೀಳುವಷ್ಟು ತುಂಬಬೇಡಿ, ನೆರಿಗೆಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಉಬ್ಬು ಯಾವ ಕಡೆ, ತುಟಿ ಯಾವ ಕಡೆ ಅಂತ ನೂರು ಸಲ ನೋಡಿಕೊಳ್ಳಿ. ಪೂರ್ತಿ ಸುತ್ತಿದ ಮೇಲೆ ಕೊನೆಯನ್ನು ಕತ್ತರಿಸಬೇಡಿ. ಎರಡು ಬೆರಳು ಜಾಸ್ತಿ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ.

ಬೆಳಿಗ್ಗೆ ಮುಚ್ಚಿ ನೋಡುವ ಮುಂಚೆ ಒಂದು ಕೆಲಸ. ಬೀಗದ ಕೊಕ್ಕೆ ಬಂದು ಸಿಕ್ಕಿಕೊಳ್ಳುವ ತಗಡಿನ ತುಂಡು, ಸ್ಟ್ರೈಕರ್ ಅನ್ನುತ್ತಾರೆ, ಅದರ ಸ್ಕ್ರೂ ಬಿಚ್ಚಿ ಅದನ್ನು ಪಕ್ಕಕ್ಕೆ ಇಡಿ. ನಾನು ಇಡಲಿಲ್ಲ. ಮುಚ್ಚಳ ಹಾಕಿ ಎರಡು ಕೈ ಊರಿ ಒತ್ತಿದೆ, ಟಕ್ ಅಂತ ಬಿತ್ತು, ಖುಷಿಯಾಯಿತು. ಆಮೇಲೆ ಬಟನ್ ಒತ್ತಿದರೆ ತೆಗೆಯುವುದೇ ಇಲ್ಲ. ದಪ್ಪ ರಬ್ಬರ್ ಕೆಳಗಿನಿಂದ ಎತ್ತಿ ಹಿಡಿದಿರುವಾಗ ಕೊಕ್ಕೆಯ ಮೇಲೆ ಅಷ್ಟೂ ಭಾರ ಬಿದ್ದು ಬೀಗ ಕಚ್ಚಿಕೊಂಡಿತ್ತು. ಟೂಲ್ ಬಾಕ್ಸ್ ಒಳಗೆ. ಸ್ಟೆಪ್ನಿ ಒಳಗೆ. ನಿಮಗೂ ಹೀಗಾದರೆ ಬಟನ್ ಮೇಲೆ ಜೋರು ಮಾಡಬೇಡಿ, ಇನ್ನೊಬ್ಬರನ್ನು ಕರೆದು ಬೀಗದ ನೇರಕ್ಕೆ ಅಂಗೈ ಊರಿ ಮುಚ್ಚಳವನ್ನು ಕೆಳಗೆ ಒತ್ತಿ ಹಿಡಿಯಲು ಹೇಳಿ, ಭಾರ ಇಳಿದ ಕ್ಷಣಕ್ಕೆ ಬಟನ್ ಒತ್ತಿ. ಮುಚ್ಚಳದ ನಡುಭಾಗದಲ್ಲಿ ಒತ್ತಿದರೆ ತಗಡು ತಗ್ಗು ಬೀಳುತ್ತದೆ. ಮೇಲೆ ಹತ್ತಿ ಕೂರುವ ಐಡಿಯಾ ನನ್ನ ಭಾವಮೈದುನನಿಗೆ ಬಂದಿತ್ತು, ತಡೆದೆ.

ಸ್ಟ್ರೈಕರ್ ಇಲ್ಲದೆ ಮುಚ್ಚಿ, ಕೈಯಲ್ಲಿ ಹಗುರ ಒತ್ತಿ, ಎಲ್ಲಿ ತಾಗುತ್ತಿದೆ ನೋಡಿ. ರಬ್ಬರ್ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಮುಚ್ಚಿದರೆ ಮುಚ್ಚಳದ ಒಳಬದಿಗೆ ಬಿಳಿ ಗೆರೆ ಮೂಡುತ್ತದೆ. ಗೆರೆ ಸುತ್ತಲೂ ತುಂಡಾಗದೆ ಬಂದರೆ ಸರಿ. ಎಲ್ಲಿ ಗೆರೆ ಇಲ್ಲವೋ ಅಲ್ಲಿ ಕೆಳಗೆ ತೆಳು ರಬ್ಬರ್ ಪಟ್ಟಿ ಕೊಟ್ಟು ಎತ್ತಬೇಕು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿ ಸಾಕು.

ಮುಚ್ಚಳ ಬೀಗದ ಹತ್ತಿರ ಎದ್ದು ನಿಂತರೆ ತಪ್ಪು ಬೀಗದ ಹತ್ತಿರ ಇದೆ ಅಂದುಕೊಳ್ಳಬೇಡಿ. ಹೆಚ್ಚಾಗಿ ಅದು ಹಿಂಜ್ ಹತ್ತಿರ ಇರುತ್ತದೆ. ಬಾಗಿಲಿನ ಹಿಂಜ್ ಸಂದಿಗೆ ಒಂದು ಗೋಟಡಿಕೆ ಸಿಕ್ಕಿಕೊಂಡರೆ ಚಿಲಕದ ಕಡೆ ಒಂದು ಗೇಣು ತೆರೆದೇ ನಿಲ್ಲುತ್ತದಲ್ಲ? ಇದೂ ಅಷ್ಟೇ. ಹಿಂಜ್ ಕಡೆ ರಬ್ಬರ್ ಒಂದೆರಡು ಮಿಲಿಮೀಟರ್ ಜಾಸ್ತಿ ಎತ್ತರ ಇದ್ದರೂ ಸಾಕು, ಮುಚ್ಚಳ ಸನ್ನೆಗೋಲಿನ ಹಾಗೆ ಏಳುತ್ತದೆ. ಆಗ ಜೋರಾಗಿ ಬಡಿದು ಮುಚ್ಚಿದರೆ ಬೀಗ ಬೀಳಬಹುದು, ಆದರೆ ಮುಚ್ಚಳದ ಮೂಲೆ ಸೊಟ್ಟ ಆಗುತ್ತದೆ. ಹಿಂಜ್ ಕಡೆಯ ರಬ್ಬರಿನ ತಳವನ್ನು ಒದ್ದೆ ಬ್ಲೇಡಿನಲ್ಲಿ ತೆಳುವಾಗಿ ಸವರಿ ತೆಗೆಯುವುದು, ಇಲ್ಲವೇ ಹಿಂಜ್ ಕೆಳಗೆ ವಾಷರ್ ಕೊಟ್ಟು ಮುಚ್ಚಳವನ್ನೇ ಒಂದು ಕೂದಲು ಎತ್ತುವುದು, ಎರಡರಲ್ಲಿ ಒಂದು. ನಾನು ಸವರಿದೆ.

ಅಂಟು ಮತ್ತು ನಮ್ಮ ಗಾಳಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ, ಆದರೆ ಜುಲೈನಲ್ಲಿ ಇಲ್ಲಿ ಒಣಗಲು ಹಾಕಿದ ಚಡ್ಡಿ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಅಂತಹ ಗಾಳಿಯಲ್ಲಿ ನಾನು ಮೊದಲ ಸಲ ಅಂಟು ಹಚ್ಚಿದೆ. ಹಪ್ಪಳದ ಸಿಟ್ಟು ಇನ್ನೂ ಆರಿರಲಿಲ್ಲ, ಬೇಗ ಮುಗಿಸಬೇಕಿತ್ತು.

ಈ ಕೆಲಸಕ್ಕೆ ಬೇಕಾದದ್ದು ಕಾಂಟ್ಯಾಕ್ಟ್ ಅಂಟು. ಎರಡೂ ಕಡೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಮುಟ್ಟಿದರೆ ಬೆರಳಿಗೆ ಅಂಟದ ಹಾಗೆ ಆದ ಮೇಲೆ ಒತ್ತುವ ಜಾತಿ. ಅದರಲ್ಲಿರುವ ದ್ರಾವಕ ಆರುವಾಗ ತಾನು ಕೂತ ಜಾಗವನ್ನು ತಣ್ಣಗೆ ಮಾಡುತ್ತದೆ, ಇಂಜೆಕ್ಷನ್ ಕೊಡುವ ಮುಂಚೆ ಸ್ಪಿರಿಟ್ ಹಚ್ಚಿದರೆ ಚಳಿ ಅನಿಸುತ್ತದಲ್ಲ ಹಾಗೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಪದರದ ಮೇಲೆ ಕಣ್ಣಿಗೆ ಕಾಣದ ಹನಿ ಕೂರುತ್ತದೆ. ಅಂಟು ಮಸುಕು ಮಸುಕಾಗಿ ಬೆಳ್ಳಗಾಗುತ್ತದೆ. ನಾನು ಅದನ್ನು ನೋಡಿ, ಓ ಒಣಗಿತು ಅಂದುಕೊಂಡು ಒತ್ತಿದೆ. ಅಂಟಿಗೂ ಅಂಟಿಗೂ ನಡುವೆ ನೀರಿನ ಪೊರೆ. ಹತ್ತೇ ದಿನದಲ್ಲಿ ತೀರ್ಥಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ರಬ್ಬರ್ ಡಿಕ್ಕಿಯೊಳಗೆ ಜೋತುಬಿದ್ದಿತ್ತು. ಅಂಟಿನ ತಪ್ಪಲ್ಲ ಅದು.

ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾಡಿ, ಬೆಳಿಗ್ಗೆ ಮಂಜು ಪೂರ್ತಿ ಕರಗಿದ ಮೇಲೆ, ಹನ್ನೊಂದು ಗಂಟೆಯ ನಂತರ. ಮಳೆಗಾಲದಲ್ಲೇ ಮಾಡಬೇಕಾದ ಗತಿ ಬಂದರೆ ಅಂಟಿನ ಡಬ್ಬ ತೆರೆಯುವ ಮುಂಚೆಯೇ ಹೇರ್ ಡ್ರೈಯರ್‌ನಲ್ಲಿ ತಗಡನ್ನೂ ರಬ್ಬರನ್ನೂ ಬೆಚ್ಚಗೆ ಮಾಡಿಕೊಂಡು, ಡ್ರೈಯರ್ ಆರಿಸಿ ದೂರ ಇಟ್ಟು, ಆಮೇಲೆ ಹಚ್ಚಿ. ಅಂಟಿನ ಹೊಗೆಗೆ ಬೆಂಕಿ ಹತ್ತುತ್ತದೆ, ಹಾಗಾಗಿ ಹ್ಯಾಲೊಜೆನ್ ದೀಪ, ಬಚ್ಚಲ ಒಲೆ, ಯಾವುದೂ ಹತ್ತಿರ ಬೇಡ. ಬಾಗಿಲು ಕಿಟಕಿ ತೆರೆದಿರಲಿ.

ಅಂಟಿಗೆ ನಾನು ಕೊನೆಗೆ ಬಳಸಿದ್ದು ಫೆವಿಕಾಲ್ ಎಸ್‌ಆರ್ 998, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ತ್ರೀಎಂನ ಕಪ್ಪು ವೆದರ್‌ಸ್ಟ್ರಿಪ್ ಅಂಟು ಸಿಕ್ಕರೆ ಇನ್ನೂ ಒಳ್ಳೆಯದು, ಆಚೀಚೆ ಹರಿದರೂ ಕಪ್ಪು ರಬ್ಬರ್ ಪಕ್ಕ ಕಾಣುವುದಿಲ್ಲ. ಮರಕ್ಕೆ ಹಾಕುವ ಬಿಳಿ ಫೆವಿಕಾಲ್ ಇದಕ್ಕಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲಂಟ್ ಅಂತೂ ಬೇಡ, ಆ ಹುಳಿ ತಗಡಿಗೆ ತುಕ್ಕು ಹಿಡಿಸುತ್ತದೆ, ಮತ್ತೆ ಸಿಲಿಕೋನ್ ಕೂತ ಜಾಗದಲ್ಲಿ ಮುಂದೆ ಪೇಂಟೂ ನಿಲ್ಲುವುದಿಲ್ಲ.

ಪೂರ್ತಿ ಸುತ್ತಿಗೆ ಒಂದೇ ಸಲ ಅಂಟು ಹಚ್ಚಬೇಡಿ. ಕಾಂಟ್ಯಾಕ್ಟ್ ಅಂಟು ಒಂದು ಸಲ ಮುಟ್ಟಿತು ಅಂದರೆ ಹಿಡಿಯಿತು, ಸರಿಸಲು ಬಿಡುವುದಿಲ್ಲ. ಎರಡು ಗೇಣು ಹಚ್ಚಿ, ಕಾದು, ಕೂರಿಸಿ, ಹೆಬ್ಬೆರಳಲ್ಲಿ ಬಲವಾಗಿ ಒತ್ತಿ, ಮುಂದಕ್ಕೆ ಹೋಗಿ. ಪೇಂಟಿನ ಅಂಚಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಾಕಿಕೊಂಡಿದ್ದರೆ ಆಮೇಲೆ ಒರೆಸುವ ಕೆಲಸ ತಪ್ಪುತ್ತದೆ. ಮತ್ತೆ ಹೇಳುತ್ತೇನೆ, ತಳ್ಳಿ.

ಕೊನೆಯ ಒಂದು ಗೇಣನ್ನು ಅಂಟಿಸದೆ ಬಿಟ್ಟು ಮಾರನೇ ದಿನ ಜೋಡಣೆ ಮಾಡಿ. ಹೊಸ ಬ್ಲೇಡನ್ನು ಸೋಪಿನ ನೀರಿನಲ್ಲಿ ಅದ್ದಿದರೆ ರಬ್ಬರ್ ಬೆಣ್ಣೆಯ ಹಾಗೆ ನೇರಕ್ಕೆ ಕತ್ತರಿಸುತ್ತದೆ. ಸರಿಯಾದ ಉದ್ದಕ್ಕಿಂತ 6-8 ಮಿ.ಮೀ. ಉದ್ದವೇ ಇರಲಿ, ಎರಡು ತುದಿಗಳು ಒಂದನ್ನೊಂದು ದೂಡುತ್ತಾ ಕೂರಬೇಕು. ರಬ್ಬರ್ ಒಳಗೆ ಟೊಳ್ಳು ಇದ್ದರೆ ಆ ತೂತಿಗೆ ಹೊಂದುವ ಸೈಕಲ್ ವಾಲ್ವ್ ಟ್ಯೂಬಿನ ಎರಡು ಬೆರಳು ಉದ್ದದ ತುಂಡನ್ನು ಅರ್ಧ ಈ ಕಡೆ ಅರ್ಧ ಆ ಕಡೆ ತೂರಿಸಿ. ತುದಿಗಳು ಆಗ ಮೇಲೆ ಕೆಳಗೆ ಆಗುವುದಿಲ್ಲ. ಕತ್ತರಿಸಿದ ಮುಖಗಳಿಗೆ ಮಾತ್ರ ಒಂದೆರಡು ಹನಿ ಸೂಪರ್ ಗ್ಲೂ ಸಾಕು. ಅದಕ್ಕೂ ಮುಂಚೆ ಎರಡೂ ಮುಖ ಸೋಪು ನೀರಿಲ್ಲದೆ ಒಣಗಿರಬೇಕು. ನನ್ನ ಹೆಬ್ಬೆರಳು ತೋರುಬೆರಳು ಕೂಡಾ ಸ್ವಲ್ಪ ಹೊತ್ತು ಜೋಡಣೆಯಾಗಿದ್ದವು.

ಮುಚ್ಚಿ ಬಿಡಿ

ಸ್ಟ್ರೈಕರ್ ವಾಪಸ್ ಹಾಕುವಾಗ ಅದರ ಉದ್ದ ತೂತಿನಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಇಡಿ, ಅಂದರೆ ಬೀಗ ಬೇಗ ಸಿಗಬೇಕು. ಮುಚ್ಚಳ ಸ್ವಲ್ಪ ಎದ್ದು ಕಂಡರೂ ಪರವಾಗಿಲ್ಲ. ಒಂದು ದಿನ ಬಿಟ್ಟು ಮುಚ್ಚಿಯೇ ಇಡಿ. ಬಿಸಿಲಿಗೆ ನಿಲ್ಲಿಸಿದರೆ ರಬ್ಬರ್ ಬೇಗ ತಗ್ಗುತ್ತದೆ. ನಾನು ಮುಚ್ಚಳದ ಮೇಲೆ ಕಂಬಳಿ ಮಡಚಿ ಹಾಕಿ, ಹಗ್ಗವನ್ನು ಬಂಪರ್ ಬ್ರಾಕೆಟ್ಟಿಗೆ ಸುತ್ತಿ ಹಗುರಾಗಿ ಬಿಗಿದು ನಾಲ್ಕು ದಿನ ಬಿಟ್ಟಿದ್ದೆ. ಆಮೇಲೆ ಸ್ಟ್ರೈಕರ್ ಒಂದು ಮಿಲಿಮೀಟರ್ ಇಳಿಸಿ, ಮತ್ತೆ ಎರಡು ದಿನ, ಮತ್ತೆ ಸ್ವಲ್ಪ. ಎರಡು ವಾರದಲ್ಲಿ ಮುಚ್ಚಳ ಪಕ್ಕದ ತಗಡಿನ ಮಟ್ಟಕ್ಕೆ ಬಂತು. ಮೊದಲ ದಿನವೇ ಮಟ್ಟ ಮಾಡಲು ಹೋದರೆ ಆಗುವುದಿಲ್ಲ, ಆದರೂ ಎಲ್ಲರೂ ಅದನ್ನೇ ಮಾಡುತ್ತಾರೆ.

ಪರೀಕ್ಷೆಗೆ ಹತ್ತು ರೂಪಾಯಿ ನೋಟು. ಮುಚ್ಚಳ ಮತ್ತು ರಬ್ಬರ್ ನಡುವೆ ಇಟ್ಟು ಮುಚ್ಚಿ ಎಳೆಯಿರಿ. ತಡೆದು ತಡೆದು ಬರಬೇಕು. ಜಾರಿ ಬಂದರೆ ಸಡಿಲ, ಹರಿದರೆ ಬಿಗಿ ಮತ್ತು ಹತ್ತು ರೂಪಾಯಿ ನಷ್ಟ. ಸುತ್ತಲೂ ಒಂದೊಂದು ಗೇಣಿಗೆ ನೋಡಿ. ಆಮೇಲೆ ಮೊದಲು ಮಾಡಿದ ಪೈಪಿನ ನೀರು ಮತ್ತು ರಾತ್ರಿಯ ಟಾರ್ಚ್ ಇನ್ನೊಂದು ಸಲ. ಅಂಟಿಗೆ ಎರಡು ದಿನವಾದರೂ ಕೊಟ್ಟ ಮೇಲೆ ನೀರು ಬಿಡಿ. ಕಾಲುವೆಯ ನೀರು ಹೊರಗೆ ಹರಿಯುವ ದಾರಿ ಅಂಟಿನಿಂದ ಮುಚ್ಚಿಹೋಗಿಲ್ಲ ತಾನೇ ನೋಡಿ. ನಮ್ಮಲ್ಲಿ ಮರದ ಕೆಳಗೆ ನಿಲ್ಲಿಸುವುದು ಜಾಸ್ತಿ, ಎಲೆ ಕಸ ಅಲ್ಲಿ ಕೂತರೆ ರಬ್ಬರ್ ಎಷ್ಟು ಚೆನ್ನಾಗಿದ್ದರೂ ನೀರು ಮೇಲೆ ಉಕ್ಕಿ ಒಳಗೆ ಬರುತ್ತದೆ.

ಮೂರು ತಿಂಗಳಿಗೊಮ್ಮೆ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ, ಗ್ರೀಸ್, ವ್ಯಾಸಲಿನ್ ಬೇಡ, ಹೊಳಪು ಬರುತ್ತದೆ, ಆಮೇಲೆ ರಬ್ಬರ್ ಮೆತ್ತಗಾಗಿ ಊದುತ್ತದೆ. ಹೊಸ ರಬ್ಬರ್ ಗಾಳಿಯಾಡದ ಹಾಗೆ ಮುಚ್ಚುವುದರಿಂದ ಇನ್ನೊಂದು ತಲೆನೋವು ಶುರುವಾಗುತ್ತದೆ. ಒದ್ದೆ ಕೊಡೆಯನ್ನು ಡಿಕ್ಕಿಗೆ ಹಾಕಿ ಮುಚ್ಚಿದರೆ ಆ ತೇವ ಹೊರಗೆ ಹೋಗುವುದಿಲ್ಲ, ವಾರದಲ್ಲಿ ಕಾರ್ಪೆಟ್ ಮೇಲೆ ಬೂಷ್ಟು. ಮಳೆ ಬಿಡುವು ಕೊಟ್ಟಾಗಲೆಲ್ಲ ಅರ್ಧ ಗಂಟೆ ಮುಚ್ಚಳ ಎತ್ತಿ ಕಡ್ಡಿ ಕೊಟ್ಟು ಬಿಡಿ. ನಾನು ಒಂದು ಬಟ್ಟೆ ಚೀಲದಲ್ಲಿ ಇದ್ದಿಲು ಕಟ್ಟಿ ಸ್ಟೆಪ್ನಿ ಪಕ್ಕ ಇಟ್ಟಿದ್ದೇನೆ, ತಿಂಗಳಿಗೊಮ್ಮೆ ಅದನ್ನು ಒಲೆಯ ಪಕ್ಕ ಒಣಗಿಸುತ್ತೇನೆ.

ಈ ವರ್ಷ ಆರಿದ್ರಾದಲ್ಲಿ ಹೊಸನಗರಕ್ಕೆ ಹೋಗಿ ಬಂದೆ. ಡಿಕ್ಕಿಯೊಳಗೆ ಹಾಸಿದ್ದ ಪೇಪರ್ ಒಣಗೇ ಇತ್ತು, ಬಲ ಮೂಲೆಯಲ್ಲಿ ಮಾತ್ರ ಒಂದು ಎಂಟಾಣೆಯಷ್ಟು ಕಲೆ. ಅದು ರಬ್ಬರಿನದ್ದಲ್ಲ, ಬಲಗಡೆ ಲೈಟಿನ ಗ್ಯಾಸ್ಕೆಟ್. ಅತ್ತೆ ಈ ಸಲ ಹಪ್ಪಳವನ್ನು ಬಸ್ಸಿನಲ್ಲಿ ಕಳಿಸಿದರು.